ಷಡ್ಜ ತಡವಾಗಿಯೇ ಬರಲಿ

ಎಲೆಕ್ಟ್ರಾನಿಕ್ ತಂಬೂರಿಯ ಮೇಲಿನ ಸಿಟ್ಟನ್ನು ಈ ವಾರ ಪೂರ್ತಿ ತೀರಿಸಿಕೊಳ್ಳಬೇಕೆಂದುಕೊಂಡಿದ್ದೆ. ಬರೆಯಲು ಕೂತಾಗ ಹಿಂದೂಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನರ ಮಾರ್ವಾ ರಾಗ ಹಾಕಿದ್ದು ತಪ್ಪಾಯಿತು. ಒಂದು ಸಾಲೂ ಮುಂದೆ ಹೋಗಲಿಲ್ಲ.

ಮಾರ್ವಾದಲ್ಲಿ ಪಂಚಮ ಇಲ್ಲವೇ ಇಲ್ಲ. ಷಡ್ಜ, ಅಂದರೆ ಆಧಾರಸ್ವರ ಸ, ಇದ್ದೂ ಇಲ್ಲದಂತೆ. ಖಾನ್ ಸಾಹೇಬರು ಕೋಮಲ ರಿಷಭದ ಮೇಲೆ ನಿಲ್ಲುತ್ತಾರೆ, ಧೈವತಕ್ಕೆ ಇಳಿಯುತ್ತಾರೆ, ನಿಷಾದ ಮುಟ್ಟಿ ಮತ್ತೆ ರಿಷಭ. ಬಾಗಿಲವರೆಗೆ ಬಂದು ಜಗಲಿಯಲ್ಲೇ ಕೂತುಬಿಡುವ ನೆಂಟರ ಹಾಗೆ. ಕೊನೆಗೊಮ್ಮೆ, ಸದ್ದಿಲ್ಲದೆ, ಷಡ್ಜ. ನನ್ನ ಮೊಣಕೈಯಿಂದ ಹೆಗಲವರೆಗೆ ಮುಳ್ಳೇಳುತ್ತದೆ. ಎಷ್ಟನೇ ಸಲ ಕೇಳುತ್ತಿದ್ದೇನೋ! ಬರುವುದು ಗೊತ್ತಿದ್ದೂ ಏಳುತ್ತದೆ.

ಗೊತ್ತಿರುವುದಕ್ಕೇ ಏಳುತ್ತದೋ ಏನೋ. 2011ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಕೇಳುಗರಿಗೆ ಅವರವರ ಮೆಚ್ಚಿನ ಸಂಗೀತವನ್ನೇ ಕೇಳಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಪುಳಕದ ಗಳಿಗೆಯಲ್ಲಿ ಡೋಪಮೈನ್ ಒಸರಿತು, ಸರಿ. ಅದಕ್ಕೂ ಮುಂಚೆ, ಬರೀ ಕಾಯುತ್ತಿದ್ದಾಗಲೂ ಒಸರಿತ್ತು, ಮಿದುಳಿನ ಬೇರೊಂದು ಜಾಗದಲ್ಲಿ.

ಈ ಕಾಯುವ ಸುಖಕ್ಕೇ ಕಲ್ಲು ಹಾಕಿದವರು ವೇಗದ ತಾನುಗಳನ್ನೇ ಮೆರೆಸುವ ನಮ್ಮ ತಾನ್‌ಬಾಜಿಯ ಪಂಥದವರು. ಮೂರು ಸಪ್ತಕ ಓಡಿ, ತಬಲಾದವರ ಜೊತೆ ಕುಸ್ತಿ ಹಿಡಿದು, ಮೂರು ಸಲ ಮರುಕಳಿಸುವ ತಿಹಾಯಿ ಎಸೆದು ಚಪ್ಪಾಳೆಗೆ ಕಾಯುತ್ತಾರೆ. ಅಲ್ಲೂ ಮೈ ಬೆವರುತ್ತದೆ, ಗಾಯಕರದ್ದು.

ಈ ಮುಳ್ಳಿಗೂ ಬೆವರಿಗೂ ಭರತಮುನಿ ಹಿಂದೆಯೇ ಹೆಸರಿಟ್ಟಿದ್ದಾನೆ. ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸುತ್ತಾನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಹೇಳಿದ್ದು ನಟನಿಗೆ, ಮನಸ್ಸು ಒಂದೆಡೆ ನಿಲ್ಲದೆ ಇವು ಬಾರವು ಎಂಬುದು ಅವನ ಷರತ್ತು. ಟಿವಿ ಸ್ಪರ್ಧೆಯಲ್ಲಿ ಪಲ್ಲವಿ ಮುಗಿಯುವ ಮೊದಲೇ ತೀರ್ಪುಗಾರರು ಕರವಸ್ತ್ರ ತೆಗೆದಾಗ, ಕ್ಯಾಮೆರಾ ಆ ಕಣ್ಣಿಗೇ ಹೋಗಿ ನಿಂತಾಗ, ನನಗೆ ಈ ಷರತ್ತು ನೆನಪಾಗುತ್ತದೆ.

ಪ್ರಲಯ, ಅಂದರೆ ಎಚ್ಚರ ತಪ್ಪುವಷ್ಟು ಪರವಶತೆ, ನನಗೆ ಒಲಿದಿಲ್ಲ. ಪರವಶರಾದವರ ಕಥೆಯೇ ಬೇರೆ: ಗದುಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಗ್ರಾಮಫೋನ್ ತಟ್ಟೆ ಕೇಳಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆಯನ್ನೇ ಬಿಟ್ಟರು. ನಾನು ಹೆಗಲವರೆಗಿನ ಗಿರಾಕಿ.

ಆದ್ದರಿಂದ ಒಂದು ಕೋರಿಕೆ. ಮುಂದಿನ ಬೈಠಕ್ಕಿನಲ್ಲಿ ಗಾಯಕರು ಸುತ್ತಿ ಬಳಸಿ ಷಡ್ಜಕ್ಕೆ ಬಂದು ನಿಂತಾಗ ಕೂಡಲೇ ಚಪ್ಪಾಳೆ ತಟ್ಟಬೇಡಿ. ಪಕ್ಕದ ಕುರ್ಚಿಯಲ್ಲಿ ನಾನಿರಬಹುದು.