ಮುಂದೆ ಹುಕ್ಕಿರುವ ಬ್ರಾ

ಸ್ತನದ ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯುವುದೇ ಕಷ್ಟ. ತಲೆಯ ಮೇಲಿಂದ ಬಟ್ಟೆ ತೊಡುವುದಂತೂ ದೂರದ ಮಾತು. ಬ್ರಾದ ಹುಕ್ಕನ್ನು ಬೆನ್ನಿನಿಂದ ಎದೆಗೆ ತಂದವರು ಯಾರೇ ಇರಲಿ, ಅವರಿಗೆ ನನ್ನ ನಮಸ್ಕಾರ. ಇನ್ನೊಬ್ಬರನ್ನು ಕರೆಯದೆ ತಾನೇ ಉಡುಪು ತೊಟ್ಟುಕೊಳ್ಳುವುದು ಆ ದಿನಗಳಲ್ಲಿ ದೊಡ್ಡ ಸಮಾಧಾನ.

ಇಂಥ ಒಳ್ಳೆಯ ಬ್ರಾದಲ್ಲಿ ತಂತಿ ಇರುವುದಿಲ್ಲ. ಮೆತ್ತನೆಯ ಹತ್ತಿ, ಅಗಲವಾದ ಭುಜಪಟ್ಟಿ, ಗಾಯಕ್ಕೆ ತಾಗದ ಹೊಲಿಗೆ. ಕೆಲವುಗಳಲ್ಲಿ ಗಾಯದ ದ್ರವ ಹೊರಗಿಳಿಸುವ ಡ್ರೈನ್ ನಳಿಕೆಯ ಡಬ್ಬಿ ಇಡಲು ಚೀಲವೂ ಉಂಟು. ನನಗೆ ಅತ್ಯಂತ ಮೆಚ್ಚಿಕೆಯಾದದ್ದು ಕಪ್ಪಿನೊಳಗಿನ ಕಿಸೆ. ಮೊದಮೊದಲು ಹಗುರವಾದ ಮೆತ್ತೆ, ಗಾಯ ಪೂರ್ತಿ ಮಾಗಿದ ಮೇಲೆ ತೂಕದ ಸಿಲಿಕೋನ್ ಕೃತಕ ಸ್ತನ ಅದರಲ್ಲಿ ಕೂರುತ್ತದೆ. ಇಂಥ ಕೃತಕ ಸ್ತನದ ಹಿಂದೆ ಒಂದು ಕಥೆಯೂ ಉಂಟು. ಬಾರ್ಬಿ ಗೊಂಬೆಯನ್ನು ರೂಪಿಸಿದ ಅಮೆರಿಕದ ರೂತ್ ಹ್ಯಾಂಡ್ಲರ್ 1970ರಲ್ಲಿ ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡರು. ಸಿಕ್ಕ ಕೃತಕ ಸ್ತನ ಒಪ್ಪದೆ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಆಕಾರದವನ್ನು ತಾವೇ ಮಾಡಿಸಿ ಮಾರಿದರು. ನೊಂದವರೇ ಮಾಡಿದ ವಸ್ತುವಿನಲ್ಲಿ ಇಂಥ ಸೂಕ್ಷ್ಮ ಕಾಣುತ್ತದೆ.

ಬಾವು ಏರಿಳಿಯುವುದರಿಂದ ಹಳೆಯ ಸೈಜನ್ನು ನಂಬಬೇಡಿ, ಹೊಸದಾಗಿ ಅಳತೆ ತೆಗೆಸಿ. ಕಳಚಿದಾಗ ಪಟ್ಟಿಯ ಗುರುತು ಚರ್ಮದಲ್ಲಿ ಆಳವಾಗಿ ಉಳಿದಿದ್ದರೆ ಅದು ಬಿಗಿ. ಯಾವಾಗಿನಿಂದ, ಎಷ್ಟು ಹೊತ್ತು ತೊಡಬೇಕೆಂದು ನಿಮ್ಮ ಶಸ್ತ್ರವೈದ್ಯರನ್ನೇ ಕೇಳಿ, ಸಂಕೋಚ ಬೇಡ.