ಅನ್ಯೋನ್ಯತೆಯ ಜಾನಪದ: ಹಳ್ಳಿಯ ಕ್ರೈಸ್ತ ಸಭೆ ಮತ್ತು ಕನ್ನಡ ಸಂಶೋಧನೆಯ ದೃಷ್ಟಿ

1

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕನ್ನಡ ಜಾನಪದ ಅಧ್ಯಯನಕ್ಕೆ ಅಪರಿಚಿತವಾದವುಗಳಲ್ಲ. ಕಾಡುಗೊಲ್ಲರ ಹಟ್ಟಿಗಳು, ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಮಹಾಕಾವ್ಯ, ಮಧುಗಿರಿಯ ದಂಡಿನ ಮಾರಮ್ಮನ ಆರಾಧನೆ ಮೊದಲಾದವು ವಿದ್ವಾಂಸರ ಗಮನವನ್ನು ಬಹುಕಾಲದಿಂದ ಸೆಳೆದಿವೆ. ಬಲಸಮುದ್ರದಂಥ ಊರುಗಳ ಹೆಸರಿನಲ್ಲಿರುವ ‘ಸಮುದ್ರ’ ಎಂಬುದು ಮಳೆ ಕಡಿಮೆಯಾದ ಈ ಸೀಮೆಯಲ್ಲಿ ದೊಡ್ಡ ಕೆರೆಗೆ ಸಂದ ಹೆಸರು. ಕೆರೆ, ಊರಹಬ್ಬ, ಕುಲದೈವ ಇವುಗಳ ಮೂಲಕ ಹಳ್ಳಿಯ ಸಮುದಾಯ ಬದುಕನ್ನು ಓದುವ ಕ್ರಮ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಆದರೆ ಅದೇ ಕೆರೆಯ ನೀರನ್ನು, ಅದೇ ಬರಗಾಲವನ್ನು ಹಂಚಿಕೊಂಡು ಬಾಳುವ, ಕೆಲವೇ ಕುಟುಂಬಗಳ ಕ್ರೈಸ್ತ ಸಭೆಯೊಂದು ಬಯಲುನಾಡಿನ ಹಳ್ಳಿಯಲ್ಲಿದ್ದರೆ ಅದು ನಮ್ಮ ಕ್ಷೇತ್ರಕಾರ್ಯದ ನಕ್ಷೆಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ.

ಈ ಗೈರುಹಾಜರಿಗೆ ಸಿದ್ಧಾಂತದ ಸಮರ್ಥನೆಯಿಲ್ಲ. ಸಮಾನವಾದ ಒಂದು ಅಂಶವನ್ನಾದರೂ ಹಂಚಿಕೊಂಡ ಯಾವುದೇ ಗುಂಪು ‘ಜನಪದ’ವೇ ಎಂಬ ನಿಲುವನ್ನು ಅಲನ್ ಡಂಡೆಸ್ 1965ರಲ್ಲಿ ಮಂಡಿಸಿದರು. ಸಣ್ಣ ಗುಂಪುಗಳೊಳಗೆ ನಡೆಯುವ ಕಲಾತ್ಮಕ ಸಂವಹನವೇ ಜಾನಪದವೆಂದು ಡಾನ್ ಬೆನ್-ಅಮೋಸ್ 1971ರಲ್ಲಿ ನಿರೂಪಿಸಿದರು. ಈ ಎರಡು ವ್ಯಾಖ್ಯೆಗಳನ್ನು ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳಲ್ಲಿ ಬೋಧಿಸಲಾಗುತ್ತದೆ. ಅವುಗಳ ಪ್ರಕಾರ, ಪ್ರತಿ ಭಾನುವಾರ ಕೂಡುವ, ಹಾಡುವ, ಅನುಭವ ಹೇಳಿಕೊಳ್ಳುವ, ಒಟ್ಟಿಗೆ ಉಣ್ಣುವ, ತನ್ನವರನ್ನು ತಾನೇ ಮಣ್ಣುಮಾಡುವ ಗುಂಪಿಗಿಂತ ಉತ್ತಮವಾದ ಅಧ್ಯಯನಕ್ಷೇತ್ರ ಬೇರೊಂದು ದೊರೆಯುವುದು ಕಷ್ಟ. ಹಾಗಿದ್ದೂ ಈ ಸಭೆ ನಮಗೆ ಏಕೆ ಕಾಣಲಿಲ್ಲ, ಕಂಡಾಗ ಅದನ್ನು ಹೇಗೆ ನೋಡಬೇಕು ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

2

ಮೊದಲನೆಯ ಪ್ರಶ್ನೆಗೆ ಉತ್ತರ ನಮ್ಮ ಸಂಶೋಧನೆಯ ಚೌಕಟ್ಟಿನಲ್ಲಿದೆ. ಕನ್ನಡದಲ್ಲಿ ಕ್ರೈಸ್ತಧರ್ಮದ ಕುರಿತ ಬರವಣಿಗೆ ಬಹುಮಟ್ಟಿಗೆ ‘ಮಿಷನರಿಗಳ ಕನ್ನಡ ಸೇವೆ’ ಎಂಬ ಶೀರ್ಷಿಕೆಯಡಿ ಬೆಳೆದಿದೆ. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’, ಫರ್ಡಿನಂಡ್ ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ನಿಘಂಟು ಈ ಕಥನದ ಎರಡು ಶಿಖರಗಳು. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ಹತ್ತೊಂಬತ್ತನೆಯ ಶತಮಾನದ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಶೋಧಿಸಿ ಈ ಕಥನಕ್ಕೆ ಭದ್ರವಾದ ಆಕರಗಳನ್ನು ಒದಗಿಸಿತು. ಆ ಕೃತಿಯ ಋಣ ದೊಡ್ಡದು. ಆದರೆ ಮುದ್ರಣ, ಗದ್ಯ, ನಿಘಂಟು, ವ್ಯಾಕರಣಗಳ ಇತಿಹಾಸದಲ್ಲಿ ಮುಖ್ಯ ಪಾತ್ರಧಾರಿ ಗ್ರಂಥಕರ್ತನೇ. ಆ ಗ್ರಂಥವನ್ನು ಓದಿಸಿ ಕೇಳಿದವರು, ಆ ಹಾಡನ್ನು ಬಾಯಿಪಾಠ ಮಾಡಿಕೊಂಡವರು ಆ ಇತಿಹಾಸದ ಅಂಚಿನಲ್ಲಿ ಉಳಿಯುತ್ತಾರೆ. ಅನಂತರದ ಸಂಶೋಧಕರು ಚೌಕಟ್ಟನ್ನು ವಿಸ್ತರಿಸದೆ ಅದರೊಳಗಿನ ಪಟ್ಟಿಯನ್ನಷ್ಟೇ ಉದ್ದಮಾಡುತ್ತ ಹೋದದ್ದು ಸಮಸ್ಯೆಯಾಯಿತು.

ತುಮಕೂರು ಸೀಮೆಗೆ ಸಂಬಂಧಿಸಿದ ಇಂಗ್ಲಿಷ್ ಆಕರಗಳಲ್ಲಿಯೂ ಇದೇ ಬಗೆಯ ಕೊರತೆಯಿದೆ. ವೆಸ್ಲಿಯನ್ ಮಿಷನ್ 1830ರ ದಶಕದ ಕೊನೆಯ ವೇಳೆಗೆ ಗುಬ್ಬಿಯಲ್ಲಿ ನೆಲೆಯೂರಿತ್ತು. ಅಲ್ಲಿ ಕೆಲಕಾಲವಿದ್ದ ವಿಲಿಯಂ ಆರ್ಥರ್ ಮೈಸೂರು ಮಿಷನ್ನನ್ನು ಕುರಿತ ತನ್ನ ಗ್ರಂಥವನ್ನು 1847ರಲ್ಲಿ ಪ್ರಕಟಿಸಿದ. ಥಾಮಸ್ ಹಾಡ್ಸನ್ ಬರೆದ ‘ಓಲ್ಡ್ ಡೇನಿಯಲ್’ 1877ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹಾಡ್ಸನ್ನನ ಕೃತಿಯ ದೀರ್ಘ ಶೀರ್ಷಿಕೆಯನ್ನೇ ಒಂದು ಪಠ್ಯವೆಂದು ಓದಬಹುದು. ಮತಾಂತರಗೊಂಡ ಒಬ್ಬ ಹಿಂದೂವಿನ ಸ್ಮರಣೆ, ಗುಬ್ಬಿ ವಲಯದ ಮಿಷನ್ ಕಾರ್ಯದ ಅವಲೋಕನ, ಭಾರತದ ಹಳ್ಳಿಬದುಕಿನ ವರ್ಣನೆ ಎಂಬ ಮೂರು ಭಾಗಗಳು ಆ ಶೀರ್ಷಿಕೆಯಲ್ಲಿವೆ. ಒಬ್ಬ ವ್ಯಕ್ತಿ, ಒಂದು ಸಂಸ್ಥೆ, ಒಂದು ಹಳ್ಳಿ ಹೀಗೆ ಅದರಲ್ಲಿ ಬೇರೆ ಬೇರೆಯಾಗಿ ನಿಲ್ಲುತ್ತವೆ. ಈ ಮೂರೂ ಒಂದನ್ನೊಂದು ಸಂಧಿಸುವ ಸ್ಥಳವಾದ ಸಭೆಗೆ ಶೀರ್ಷಿಕೆಯಲ್ಲಿ ಹೆಸರಿಲ್ಲ. ಹಳ್ಳಿ ಎಂದರೆ ಮತಾಂತರಿ ಬಿಟ್ಟುಬಂದ ಲೋಕ, ಮಿಷನ್ ಎಂದರೆ ಅವನು ಸೇರಿದ ಲೋಕ ಎಂಬ ವಿಭಜನೆ ಆ ಕಾಲದ ಮಿಷನರಿ ಬರವಣಿಗೆಯಲ್ಲಿ ಸಾಮಾನ್ಯ. ವಾಸ್ತವದಲ್ಲಿ ಅವನು ಹಳ್ಳಿಯಲ್ಲಿಯೇ ಉಳಿದ; ಅವನ ನುಡಿ, ನೆಂಟಸ್ತಿಕೆ, ಬೇಸಾಯ ಅವನೊಡನೆಯೇ ಸಭೆಯೊಳಕ್ಕೆ ಬಂದವು. ವಿಪರ್ಯಾಸವೆಂದರೆ, ಮಿಷನರಿಯ ದೃಷ್ಟಿಯನ್ನು ವಸಾಹತುಶಾಹಿ ಎಂದು ಟೀಕಿಸುವ ನಮ್ಮ ಸಂಶೋಧನೆಯೂ ಈ ವಿಭಜನೆಯನ್ನು ಮಾತ್ರ ಹಾಗೆಯೇ ಒಪ್ಪಿಕೊಂಡಿದೆ.

3

ಕನ್ನಡ ಕ್ರೈಸ್ತರ ನುಡಿಬಳಕೆ ಈ ವಿಷಯದಲ್ಲಿ ಸಂಶೋಧಕರಿಗಿಂತ ಹೆಚ್ಚು ಸ್ಪಷ್ಟವಾಗಿದೆ. ಪ್ರೊಟೆಸ್ಟೆಂಟ್ ವಲಯದಲ್ಲಿ ‘ಸಭೆ’ ಎಂದರೆ ಪ್ರಧಾನವಾಗಿ ಜನ. ಕಟ್ಟಡಕ್ಕೆ ‘ದೇವಾಲಯ’ವೆಂಬ ಬೇರೆ ಮಾತಿದೆ. ಪಾದ್ರಿಯನ್ನು ‘ಸಭಾಪಾಲಕರು’ ಎನ್ನುವುದು ಬರಹದ ಮಾತು, ‘ಅಯ್ಯನೋರು’ ಎನ್ನುವುದು ಆಡುಮಾತು. ಎರಡನೆಯದು ಮಠದ ಅಯ್ಯನವರ ಗೌರವವನ್ನೂ ಶಾಲೆಯ ಅಯ್ಯನವರ ಗೌರವವನ್ನೂ ಒಳಗೊಂಡು ಹಳ್ಳಿಯ ಅರ್ಥಲೋಕದಿಂದ ಬಂದದ್ದು. ಪರಸ್ಪರ ಸಹಭಾಗಿತ್ವವನ್ನು ಸೂಚಿಸುವ ಗ್ರೀಕ್ ಪದಕ್ಕೆ ಕನ್ನಡ ಬೈಬಲ್ಲಿನಲ್ಲಿ ನೆಲೆಗೊಂಡ ‘ಅನ್ಯೋನ್ಯತೆ’ ಎಂಬ ಮಾತು ಇನ್ನೂ ಕುತೂಹಲಕರ. ನಮ್ಮ ಲೋಕರೂಢಿಯಲ್ಲಿ ಅನ್ಯೋನ್ಯವಾಗಿರುವುದು ಗಂಡಹೆಂಡಿರಿಗೆ, ಅಣ್ಣತಮ್ಮಂದಿರಿಗೆ, ನೆರೆಹೊರೆಗೆ ಹೇಳುವ ಮಾತು. ದೇವತಾಶಾಸ್ತ್ರದ ಒಂದು ಪರಿಭಾಷೆ ಹೀಗೆ ಮನೆಮಾತಿನ ಆಶ್ರಯ ಪಡೆಯಿತು.

ಜನ ಮತ್ತು ಕಟ್ಟಡಗಳ ಈ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಉದಾಹರಣೆಯಾಗಿದೆ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿಸಿದ ಅಲ್ಲಿನ ಇಗರ್ಜಿ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಲುಕಿತು. ಊರಿನ ಕುಟುಂಬಗಳು ಬೇರೆಡೆಗೆ ನೆಲೆ ಬದಲಿಸಿದವು. ಮಳೆಗಾಲದಲ್ಲಿ ಅರ್ಧ ಮುಳುಗುವ, ಬೇಸಗೆಯಲ್ಲಿ ಮೇಲೇಳುವ ಆ ಭಗ್ನಕಟ್ಟಡವನ್ನು ಛಾಯಾಚಿತ್ರಕಾರರೂ ಪ್ರವಾಸಿಗರೂ ಪ್ರಸಿದ್ಧಗೊಳಿಸಿದ್ದಾರೆ. ಆ ಜಲಾಶಯದ ನೀರು ನಾಲೆಯ ಮೂಲಕ ತುಮಕೂರು ಜಿಲ್ಲೆಗೂ ಹರಿಯುತ್ತದೆ. ಗೋಡೆಗಳ ಚಿತ್ರ ಎಲ್ಲೆಡೆ ದೊರೆಯುತ್ತದೆ. ಗೋಡೆಗಳನ್ನು ಬಿಟ್ಟುಹೋದ ಜನ ಹೊಸ ನೆಲದಲ್ಲಿ ಯಾವ ಹಾಡು, ಯಾವ ಹಬ್ಬ, ಯಾವ ಸಮಾಧಿಯ ನೆನಪನ್ನು ಉಳಿಸಿಕೊಂಡರು ಎಂಬ ಪ್ರಶ್ನೆಗೆ ಅಂಥ ಪ್ರಚಾರ ಸಿಕ್ಕಿಲ್ಲ. ‘ಸಭೆ’ ಎಂಬ ಪದದ ಅರ್ಥದಲ್ಲಿ ಹೇಳುವುದಾದರೆ ಮುಳುಗಿದ್ದು ದೇವಾಲಯ ಮಾತ್ರ.

4

ಹಳ್ಳಿಸಭೆಯ ಅನ್ಯೋನ್ಯತೆಯನ್ನು ಉಪದೇಶದಲ್ಲಿ ಹುಡುಕುವುದಕ್ಕಿಂತ ಆಚರಣೆಯಲ್ಲಿ ಹುಡುಕುವುದು ಫಲಕಾರಿ. ಇಲ್ಲಿ ಮೂರು ಆಚರಣೆಗಳನ್ನು ಮಾತ್ರ ಗಮನಿಸಬಹುದು.

ಮೊದಲನೆಯದು ಹಾಡು. ಕಿಟ್ಟೆಲ್ 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ ಯೇಸುವಿನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ ಪ್ರಯತ್ನವೆಂದು ಸಾಹಿತ್ಯ ಚರಿತ್ರೆಗೆ ಗೊತ್ತು. ಆದರೆ ಸಭೆಯ ಹಾಡಿನ ಜೀವನ ಪುಸ್ತಕದಿಂದಾಚೆ ಆರಂಭವಾಗುತ್ತದೆ. ಪಾಶ್ಚಾತ್ಯ ರಾಗದ ಗೀತೆ, ದೇಶೀ ಧಾಟಿಯ ಕೀರ್ತನೆ ಎರಡೂ ಒಂದೇ ಆರಾಧನೆಯಲ್ಲಿ ಬರುತ್ತವೆ. ಓದು ಬಾರದ ಹಿರಿಯ ಹೆಂಗಸರು ಅನೇಕ ಪದಗಳನ್ನು ಕಂಠಸ್ಥ ಮಾಡಿಕೊಂಡಿರುತ್ತಾರೆ. ಅವರ ಎಳೆತಕ್ಕೆ ತಕ್ಕಂತೆ ಗೀತೆಯ ಲಯ ಭಜನೆಯ ಲಯಕ್ಕೆ ವಾಲುತ್ತದೆ. ಮುದ್ರಿತ ಪಠ್ಯವನ್ನಷ್ಟೇ ನೋಡುವ ವಿಮರ್ಶಕನಿಗೆ ಇದು ಅನುವಾದ ಸಾಹಿತ್ಯ. ಪ್ರದರ್ಶನವನ್ನು ಗಮನಿಸುವ ಜಾನಪದ ವಿದ್ವಾಂಸನಿಗೆ ಇದು ಮೌಖಿಕ ಪರಂಪರೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಥೋಲಿಕರು ಶುಭಶುಕ್ರವಾರದ ಸಂದರ್ಭದಲ್ಲಿ ತಲೆಮಾರುಗಳಿಂದ ಆಡುತ್ತ ಬಂದಿರುವ ‘ಮಹಿಮೆ’ ನಾಟಕವನ್ನೂ ಹೀಗೆಯೇ ಊರೊಟ್ಟಿನ ರಂಗಭೂಮಿಯಾಗಿ ಓದಬೇಕು.

ಎರಡನೆಯದು ಸುಗ್ಗಿ ಹಬ್ಬ. ರಾಗಿ, ಅವರೆ, ಕುಂಬಳಕಾಯಿ, ತೆಂಗಿನಕಾಯಿ, ಕೋಳಿ ಮುಂತಾಗಿ ಮನೆಯಲ್ಲಿ ಬೆಳೆದುದನ್ನು ತಂದು ಅರ್ಪಿಸುವುದು, ಅನಂತರ ಅವನ್ನು ಹರಾಜು ಹಾಕುವುದು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ರೂಢಿಯಲ್ಲಿದೆ. ಊರಜಾತ್ರೆಯಲ್ಲಿ ದೇವರ ವಸ್ತುವಿಗೆ ಸವಾಲು ಕೂಗುವ ಪದ್ಧತಿಯನ್ನು ಬಲ್ಲವರಿಗೆ ಇದರ ಆಕೃತಿ ಪರಿಚಿತವೇ. ಸಂತೆಯಲ್ಲಿ ಅಗ್ಗವಾಗಿ ಸಿಗುವ ಕುಂಬಳಕಾಯಿ ಇಲ್ಲಿ ಹಲವು ಪಟ್ಟು ಬೆಲೆಗೆ ಹೋಗುತ್ತದೆ. ಕೊಂಡವರು ಅದನ್ನು ಮತ್ತೆ ಸಭೆಗೇ ಕೊಟ್ಟು ಎರಡನೆಯ ಸಲ ಕೂಗಿಸುವುದೂ ಉಂಟು. ಹಾಸ್ಯ, ಮೂದಲಿಕೆ, ನೆಂಟರ ನಡುವಣ ಪೈಪೋಟಿಗಳಿಂದ ಕೂಡಿದ ಈ ಹರಾಜು ಸ್ವಯಂಪೂರ್ಣವಾದ ಪ್ರದರ್ಶನ. ಜೊತೆಗೆ, ಪಟ್ಟಣದಲ್ಲಿ ನೌಕರಿ ಹಿಡಿದವರ ಮತ್ತು ಹಳ್ಳಿಯಲ್ಲಿ ಕೂಲಿಗೆ ಉಳಿದವರ ಅಂತರವೂ ಇಲ್ಲಿಯೇ ಎಲ್ಲರೆದುರಿಗೆ ಬಯಲಾಗುತ್ತದೆ. ಹಣ ಮತ್ತು ಅನ್ಯೋನ್ಯತೆಗಳ ಈ ನಂಟು ಹೊಸದಲ್ಲ. ವೆಸ್ಲಿಯ ಅನುಯಾಯಿಗಳ ಹನ್ನೆರಡು ಮಂದಿಯ ವಾರದ ಕೂಟ 1742ರಲ್ಲಿ ಬ್ರಿಸ್ಟಲ್ಲಿನಲ್ಲಿ ಹುಟ್ಟಿದ್ದು ಪ್ರಾರ್ಥನಾಮಂದಿರದ ಸಾಲ ತೀರಿಸಲು ತಲೆಗೊಂದು ಪೆನ್ನಿಯನ್ನು ವಾರವಾರವೂ ಕೂಡಿಸುವ ಏರ್ಪಾಡಾಗಿ. ವಸೂಲಿಗೆ ಮನೆಮನೆಗೆ ಹೋದವನು ಕಷ್ಟಸುಖ ವಿಚಾರಿಸತೊಡಗಿದ, ಕೂಟ ಬೆಳೆಯಿತು.

ಮೂರನೆಯದು ಸಾವು. ‘ಮಣ್ಣಿಗೆ ಹೋಗುವುದು’ ಎಂಬ ಮಾತು ಈ ಸೀಮೆಯಲ್ಲಿ ಎಲ್ಲ ಸಮುದಾಯಗಳಿಗೂ ಸಮಾನ. ಹಬ್ಬಕ್ಕೆ ಕರೆಯಬೇಕು, ಮಣ್ಣಿಗೆ ಕರೆಯಬೇಕಾಗಿಲ್ಲ ಎಂಬ ಊರನೀತಿ ಕ್ರೈಸ್ತರ ಮನೆಗೂ ಅನ್ವಯಿಸುತ್ತದೆ. ತಿಥಿಯ ಸ್ಥಾನದಲ್ಲಿ ಪ್ರಾರ್ಥನೆಯ ‘ಆದರಣೆ ಕೂಟ’ ಬಂದರೂ ದುಃಖದ ಮನೆಗೆ ಅಡಿಗೆ ಹೊತ್ತು ತರುವ, ಬಂದವರಿಗೆ ಊಟ ಹಾಕುವ ಹೊಣೆಯ ಹಂಚಿಕೆ ಹಳೆಯ ನೆರೆಹೊರೆಯ ಕ್ರಮವನ್ನೇ ಅನುಸರಿಸುತ್ತದೆ. ಸಣ್ಣ ಸಭೆಗೆ ಸ್ವಂತ ಸ್ಮಶಾನಭೂಮಿ ಇದೆಯೇ ಇಲ್ಲವೇ ಎಂಬುದು ಊರಿನೊಡನೆ ಅದಕ್ಕಿರುವ ಸಂಬಂಧದ ನಿಜವಾದ ಅಳತೆಗೋಲು.

5

ಇಷ್ಟು ಹೇಳಿ ನಿಲ್ಲಿಸಿದರೆ ಸಭೆಯ ಬದುಕನ್ನು ಸಾಮರಸ್ಯದ ಚಿತ್ರವಾಗಿ ಮಾತ್ರ ಕಂಡಂತಾಗುತ್ತದೆ. ವಿಕ್ಟರ್ ಟರ್ನರ್ 1969ರಲ್ಲಿ ನಿರೂಪಿಸಿದ, ಆಚರಣೆಯ ಸಂದರ್ಭದಲ್ಲಿ ಅಂತಸ್ತುಗಳು ಕರಗಿ ಉಂಟಾಗುವ ಸಮಭಾವದ ಪರಿಕಲ್ಪನೆಯನ್ನು ಇಲ್ಲಿ ಸಲೀಸಾಗಿ ಹೊಂದಿಸುವುದು ಅಪಾಯಕರ. ಏಕೆಂದರೆ ಅನ್ಯೋನ್ಯತೆಯ ಎದುರಿಗೆ ಜಾತಿ ನಿಂತಿದೆ.

ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿಯುವ ಕ್ರಿಯೆಯನ್ನು ತೆಗೆದುಕೊಳ್ಳೋಣ. ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದ ಹಳ್ಳಿಗಳ ನಡುವೆ ಈ ಒಂದು ಪಾತ್ರೆ ಅಸಾಧಾರಣವಾದ ಸಂಕೇತ. ಇದರ ತೀಕ್ಷ್ಣತೆಯನ್ನು ಮಿಷನ್ನುಗಳೂ ಅರಿತಿದ್ದವು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ತಮಿಳು ಪ್ರದೇಶದ ಕೆಲವು ಪ್ರೊಟೆಸ್ಟೆಂಟ್ ಮಿಷನ್ನುಗಳು ಜಾತಿಯನ್ನು ತೊರೆದುದಕ್ಕೆ ಸಹಪಂಕ್ತಿ ಭೋಜನವನ್ನೇ ಪರೀಕ್ಷೆಯಾಗಿ ಒಡ್ಡಿದವು. ಇದಕ್ಕೆ ಪ್ರತಿಯಾಗಿ, ಸುಮಾರು 1648ರಿಂದ ಮೈಸೂರು ಸೀಮೆಯಲ್ಲಿ ದುಡಿದ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಮಧುರೆಯ ನೊಬಿಲಿಯ ಮಾರ್ಗ ಹಿಡಿದು ಸಂನ್ಯಾಸಿಯ ವೇಷದಲ್ಲಿದ್ದ. ಆ ಮಾರ್ಗ ಜಾತಿಯ ಮರ್ಯಾದೆಗಳನ್ನು ಲೋಕಾಚಾರವೆಂದು ಸಹಿಸಿತು.

ಆದರೆ ಪಂಕ್ತಿಯ ಸಮಾನತೆಯನ್ನು ಅರ್ಥೈಸುವ ಮುನ್ನ ಆ ಪಂಕ್ತಿಯಲ್ಲಿ ಕುಳಿತವರು ಯಾರು ಎಂದು ಕೇಳಬೇಕಾಗುತ್ತದೆ. ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿನಲ್ಲಿ ಸ್ಥಾಪಿಸಿದ ಆನಂದಪುರವು ಜಮೀನುದಾರರ ಬಳಿ ಜೀತದಾಳುಗಳಾಗಿದ್ದ ಹೊಲೆಯ ಸಮುದಾಯದವರಿಗೆಂದು ಕಟ್ಟಿದ ಊರು. ಸ್ವಂತ ದುಡಿಮೆಯ ನೆಲ ದೊರೆತುದೇ ಅವರಿಗೆ ಬಿಡುಗಡೆಯ ಅರ್ಥವಾಗಿತ್ತು. ಒಂದೇ ಕೇರಿಯಿಂದ ಬಂದ ಕುಟುಂಬಗಳ ಸಭೆಯಲ್ಲಿ ಒಟ್ಟಿಗೆ ಉಣ್ಣುವುದು ಜಾತಿಯ ಉಲ್ಲಂಘನೆಯಾಗುವುದಿಲ್ಲ. ಅವರು ಮೊದಲೂ ಒಟ್ಟಿಗೆ ಉಣ್ಣುತ್ತಿದ್ದವರೇ. ಅಲ್ಲಿ ಪಂಕ್ತಿಯ ಅರ್ಥ ಒಗ್ಗಟ್ಟು. ಬೇರೆ ಮೂಲದ ಸಭಾಪಾಲಕರು ಬಂದಾಗ, ಬೇರೆ ಊರಿನ ಕುಟುಂಬವೊಂದು ಸೇರಿದಾಗ, ಹೆಣ್ಣು ಕೊಟ್ಟು ತರುವ ಮಾತು ಎದ್ದಾಗ ಮಾತ್ರ ಅದು ಸಮಾನತೆಯ ಪರೀಕ್ಷೆಯಾಗುತ್ತದೆ. ಪಾತ್ರೆಯನ್ನು ಹಂಚಿಕೊಂಡವರು ಸಂಬಂಧ ಬೆಳೆಸುವಾಗ ಹಳೆಯ ಮೂಲವನ್ನು ವಿಚಾರಿಸುವುದು ನಿಂತಿಲ್ಲ. ಆದ್ದರಿಂದ ಒಳಮುಖವಾದ ಒಗ್ಗಟ್ಟು ಮತ್ತು ಹೊರಮುಖವಾದ ಸಮಾನತೆ ಇವೆರಡನ್ನೂ ‘ಅನ್ಯೋನ್ಯತೆ’ ಎಂಬ ಒಂದೇ ಪದದಡಿ ಬೆರೆಸುವುದು ವಿಶ್ಲೇಷಣೆಯ ದೋಷ. ಸಭೆಯ ಅನ್ಯೋನ್ಯತೆಯನ್ನು ಅದರ ನಡುವಿನಲ್ಲಿ ಅಳೆಯದೆ ಅದರ ಅಂಚಿನಲ್ಲಿ ಅಳೆಯಬೇಕು.

6

ಸಂಶೋಧಕನ ಹೊಣೆಯೂ ಈ ಅಂಚಿನಲ್ಲಿಯೇ ಎದುರಾಗುತ್ತದೆ. 1950ರ ಪರಿಶಿಷ್ಟ ಜಾತಿಗಳ ಆದೇಶವು ಆ ಸ್ಥಾನವನ್ನು ಮೊದಲು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರು ಅದರ ಹೊರಗೆ ಉಳಿದರು. ಹೀಗಾಗಿ ದೀಕ್ಷಾಸ್ನಾನದ ದಾಖಲೆಯ ಹೆಸರು, ಶಾಲಾ ದಾಖಲೆಯ ಹೆಸರು, ಮನೆಯಲ್ಲಿ ಕರೆಯುವ ಹೆಸರು ಬೇರೆ ಬೇರೆಯಾಗಿರುವುದು ಕೇವಲ ನಾಮವಿಜ್ಞಾನದ ಕುತೂಹಲವಲ್ಲ. ಅದರ ಹಿಂದೆ ಒಂದು ಕುಟುಂಬದ ಓದು, ನೌಕರಿ, ಭದ್ರತೆಗಳಿವೆ. ಮಾಹಿತಿದಾರರ ಹೆಸರು, ವಯಸ್ಸು, ಜಾತಿ, ಊರುಗಳನ್ನು ಅನುಬಂಧದಲ್ಲಿ ಪಟ್ಟಿಮಾಡುವ ನಮ್ಮ ಪಿಎಚ್.ಡಿ. ಪ್ರಬಂಧಗಳ ರೂಢಿ ಜುಂಜಪ್ಪನ ಕಾವ್ಯ ಹಾಡುವವರ ವಿಷಯದಲ್ಲಿ ಗೌರವವಾಗಬಹುದು. ಸಣ್ಣ ಸಭೆಯೊಂದರ ವಿಷಯದಲ್ಲಿ ಅದೇ ಪಟ್ಟಿ ಹಾನಿಯಾಗಬಹುದು. ಸಭೆಯವರು ಪರಸ್ಪರರ ವಿಷಯದಲ್ಲಿ ಕಾಯುವ ಮೌನವೂ ಅನ್ಯೋನ್ಯತೆಯ ಒಂದು ರೂಪವೇ. ಅದನ್ನು ಗುರುತಿಸುವುದು ಅಧ್ಯಯನದ ಕೆಲಸ, ಮುರಿಯುವುದು ಅಲ್ಲ.

ಈ ದೃಷ್ಟಿಯಿಂದ ಮುಂದಿನ ಕೆಲಸ ಸ್ಪಷ್ಟವಾಗಿದೆ. ಸಭೆಯ ಹಾಡುಗಳನ್ನು ಧಾಟಿಸಹಿತ ಧ್ವನಿಮುದ್ರಿಸಬೇಕು. ಮನೆಕೂಟಗಳಲ್ಲಿ ಹೇಳುವ ‘ಸಾಕ್ಷಿ’ಗಳನ್ನು ಅನುಭವಕಥನದ ಪ್ರಕಾರವಾಗಿ, ಹೇಳಿದವರ ಒಪ್ಪಿಗೆಯೊಡನೆ ಸಂಗ್ರಹಿಸಬೇಕು. ಸುಗ್ಗಿ ಹಬ್ಬ, ಸ್ಮಶಾನ, ಅಡಿಗೆಮನೆಗಳ ಕ್ಷೇತ್ರಟಿಪ್ಪಣಿಗಳು ಸಿದ್ಧವಾಗಬೇಕು. ಅವುಗಳಲ್ಲಿ ಯಾವುದು ಅಚ್ಚಾಗಬೇಕು ಎಂಬುದನ್ನು ಸಭೆಯ ಹಿರಿಯರೊಡನೆ ಕುಳಿತು ತೀರ್ಮಾನಿಸಬೇಕು. ಬಯಲುಸೀಮೆಯ ಹಳ್ಳಿಯೊಂದರ ಜಾನಪದವನ್ನು ಬರೆಯ ಹೊರಟವರು ಆ ಊರಿನ ಕೆರೆಯ ನೀರು ಕುಡಿದ ಎಲ್ಲರ ಹಾಡನ್ನೂ ಕೇಳಿಸಿಕೊಳ್ಳದೆ ಆ ಬರವಣಿಗೆ ಪೂರ್ಣವಾಗಲಾರದು.