ನಿತ್ಯದಿಂದ ನೈಮಿತ್ತಿಕಕ್ಕೆ: ಕೇರಳದ ಎರಡು ನಗರಗಳ ಚಿತ್ರಮಂದಿರ ಮತ್ತು ಪ್ರೇಕ್ಷಕ

ಚಿತ್ರಮಂದಿರಗಳಿಗೆ ಜನರು ಬರುತ್ತಿಲ್ಲವೆಂಬ ಮಾತು ದೇಶದ ಎಲ್ಲ ಭಾಷೆಗಳ ಚಿತ್ರೋದ್ಯಮಗಳಲ್ಲಿಯೂ ಕೇಳಿಬರುತ್ತಿದೆ. ಈ ವಿದ್ಯಮಾನದ ಪರಿಶೀಲನೆಗೆ ನಾವು ಕೊಚ್ಚಿ ಮತ್ತು ತಿರುವನಂತಪುರಗಳನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಒಳ್ಳೆಯ ಚಿತ್ರಗಳಿಲ್ಲದ ಕಾರಣ ಪ್ರೇಕ್ಷಕರು ದೂರವಾದರೆಂಬ ಸುಲಭದ ಸಮಾಧಾನ ಅಲ್ಲಿ ಸಲ್ಲುವುದಿಲ್ಲ. 2024ರಲ್ಲಿ ‘ಮಂಜುಮ್ಮೆಲ್ ಬಾಯ್ಸ್’, ‘ಪ್ರೇಮಲು’, ‘ಆಡುಜೀವಿತಂ’, ‘ಆವೇಶಂ’ ಚಿತ್ರಗಳು ರಾಜ್ಯದ ಗಡಿಯಾಚೆಗೂ ಪ್ರೇಕ್ಷಕರನ್ನು ಸೆಳೆದವು. ಅದೇ ವರ್ಷದ ಕೊನೆಯಲ್ಲಿ ಕೇರಳದ ಚಿತ್ರ ನಿರ್ಮಾಪಕರ ಸಂಘವು ನೀಡಿದ ಲೆಕ್ಕದಂತೆ, ತೆರೆಕಂಡ ಸುಮಾರು 200 ಚಿತ್ರಗಳಲ್ಲಿ ಗೆದ್ದವು 26 ಮಾತ್ರ. ಒಂದೇ ವರ್ಷದಲ್ಲಿ, ಒಂದೇ ಪ್ರೇಕ್ಷಕ ಸಮುದಾಯದಲ್ಲಿ ಕಂಡುಬಂದ ಈ ವೈರುಧ್ಯವೇ ಪ್ರಸ್ತುತ ಟಿಪ್ಪಣಿಯ ವಿಷಯ.

ಸಾಮಾನ್ಯವಾಗಿ ಮುಂದಿಡಲಾಗುವ ಕಾರಣಗಳು ಎರಡು. ಮೊದಲನೆಯದು ಮನೆಯ ತೆರೆ. 2013ರಲ್ಲಿ ಚಿತ್ರಮಂದಿರಗಳನ್ನು ತುಂಬಿಸಿದ ‘ದೃಶ್ಯಂ’ ಚಿತ್ರದ ಎರಡನೆಯ ಭಾಗವು 2021ರ ಫೆಬ್ರವರಿಯಲ್ಲಿ ನೇರವಾಗಿ ಒಟಿಟಿಯಲ್ಲಿ ಬಿಡುಗಡೆಯಾಯಿತು. 2023ರ ಮೇ ತಿಂಗಳಿನಲ್ಲಿ ತೆರೆಕಂಡ ‘2018’ ಚಿತ್ರವು ಇನ್ನೂ ಮಂದಿರಗಳಲ್ಲಿ ಓಡುತ್ತಿರುವಾಗಲೇ ಜೂನ್ 7ರಂದು ಒಟಿಟಿಗೆ ಬಂದಾಗ, ಕೇರಳದ ಪ್ರದರ್ಶಕರು ಎರಡು ದಿನ ಬಾಗಿಲು ಮುಚ್ಚಿ ಪ್ರತಿಭಟಿಸಿದರು. ಎರಡನೆಯದು ವೆಚ್ಚ. 2025ರ ಸೆಪ್ಟೆಂಬರಿನಲ್ಲಿ 100 ರೂಪಾಯಿವರೆಗಿನ ಟಿಕೆಟ್ಟಿನ ಮೇಲಿನ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದರೂ, ಅದಕ್ಕೆ ಮೇಲ್ಪಟ್ಟ ಟಿಕೆಟ್ಟಿಗೆ ಶೇಕಡಾ 18 ಹಾಗೆಯೇ ಉಳಿಯಿತು. ದೊಡ್ಡ ನಗರಗಳ ಮಲ್ಟಿಪ್ಲೆಕ್ಸುಗಳಲ್ಲಿ ಈ ಮಿತಿಯೊಳಗೆ ಸಿಗುವ ಸ್ಥಾನಗಳು ವಿರಳ.

ಈ ಕಾರಣಗಳು ಸುಳ್ಳಲ್ಲ, ಅಪೂರ್ಣ. ವೆಚ್ಚವೇ ಮುಖ್ಯವಾಗಿದ್ದಲ್ಲಿ ಎಲ್ಲ ಚಿತ್ರಗಳಿಗೂ ಸಮವಾಗಿ ಪ್ರೇಕ್ಷಕರು ಕಡಿಮೆಯಾಗಬೇಕಿತ್ತು. ಒಟಿಟಿಯೇ ಸಾಕಾಗಿದ್ದಲ್ಲಿ ಗೆದ್ದ ಚಿತ್ರಗಳೂ ಗೆಲ್ಲಬಾರದಿತ್ತು. ನಮ್ಮ ಧರ್ಮಶಾಸ್ತ್ರ ಪರಂಪರೆಯು ಕರ್ಮಗಳನ್ನು ನಿತ್ಯವೆಂದೂ ನೈಮಿತ್ತಿಕವೆಂದೂ ವಿಂಗಡಿಸುತ್ತದೆ. ಪ್ರತ್ಯೇಕ ಕಾರಣವನ್ನು ಬೇಡದೆ ನಡೆಯುತ್ತಿರುವುದು ನಿತ್ಯ; ನಿಮಿತ್ತವೊಂದು ಒದಗಿದಾಗ ಮಾತ್ರ ನಡೆಯುವುದು ನೈಮಿತ್ತಿಕ. ಚಿತ್ರವೀಕ್ಷಣೆಯು ಮೊದಲ ವರ್ಗದಿಂದ ಎರಡನೆಯ ವರ್ಗಕ್ಕೆ ಸರಿದಿದೆ ಎಂಬುದು ನಮ್ಮ ವಾದ. ಜನರು ಸಿನಿಮಾವನ್ನು ತೊರೆದಿಲ್ಲ. ‘ಸಿನಿಮಾಕ್ಕೆ ಹೋಗುವುದು’ ಎಂಬ ವಾಡಿಕೆಯನ್ನು ತೊರೆದಿದ್ದಾರೆ.

ಹಿಂದಿನ ವ್ಯವಸ್ಥೆಯು ವಾಡಿಕೆಯನ್ನೇ ಆಧರಿಸಿತ್ತು. ಹೊಸ ಚಿತ್ರವು ಮೊದಲು ನಗರದ ‘ಎ’ ದರ್ಜೆಯ ಮಂದಿರಗಳಲ್ಲಿ, ಅನಂತರ ಸಣ್ಣ ಊರುಗಳ ‘ಬಿ’, ‘ಸಿ’ ದರ್ಜೆಯವುಗಳಲ್ಲಿ ಪ್ರದರ್ಶಿತವಾಗುತ್ತಿತ್ತು. ಪ್ರೇಕ್ಷಕನು ಚಿತ್ರವನ್ನು ಅರಸಿ ಹೋಗುತ್ತಿರಲಿಲ್ಲ. ಚಿತ್ರವೇ ಅವನ ಊರಿನ ಟಾಕೀಸಿಗೆ ಬರುತ್ತಿತ್ತು, ಬಂದುದನ್ನು ಅವನು ನೋಡುತ್ತಿದ್ದನು. ಊಟ ಮುಗಿಸಿ ಮನೆಮಂದಿಯೆಲ್ಲ ಎರಡನೆಯ ಆಟಕ್ಕೆ ಹೋಗುವ ರೂಢಿ ಕೇರಳದಲ್ಲಿ ಎಷ್ಟು ಬಲವಾಗಿತ್ತೆಂದರೆ, 2021ರ ಜನವರಿಯಲ್ಲಿ ಮಂದಿರಗಳು ಮತ್ತೆ ತೆರೆದಾಗ ರಾತ್ರಿಯ ಆಟಕ್ಕೆ ಅನುಮತಿಯಿಲ್ಲದ ಕಾರಣ ಹಲವು ದೊಡ್ಡ ಚಿತ್ರಗಳ ಬಿಡುಗಡೆ ಮುಂದೂಡಲ್ಪಟ್ಟಿತು. ಮಾರ್ಚ್ ತಿಂಗಳಿನಲ್ಲಿ ಅನುಮತಿ ದೊರೆತ ಮೇಲೆಯೇ ಅವು ಬಂದವು. ಈಗ ಕೊಚ್ಚಿಯ ಇಡಪ್ಪಳ್ಳಿಯ ಲುಲು ಮಾಲ್‌ನಲ್ಲಿ (2013) 9, ತಿರುವನಂತಪುರದ ಲುಲು ಮಾಲ್‌ನಲ್ಲಿ (2021) 12 ಪರದೆಗಳಿವೆ. ಪರದೆಗಳ ಕೊರತೆಯಿಲ್ಲ. ಆದರೆ ಅಲ್ಲಿಗೆ ಹೋಗುವುದೆಂದರೆ ದಿನವನ್ನು ಗೊತ್ತುಮಾಡಿ, ಮೊದಲೇ ಟಿಕೆಟ್ ಕಾಯ್ದಿರಿಸಿ, ಖರ್ಚಿಗೆ ಸಿದ್ಧರಾಗಿ ಹೊರಡುವ ಒಂದು ಚಿಕ್ಕ ಯಾತ್ರೆ. ಯಾತ್ರೆಗೆ ನಿಮಿತ್ತ ಬೇಕು. ಸಾಧಾರಣ ಚಿತ್ರವು ಆ ನಿಮಿತ್ತವಾಗಲಾರದು.

ಇದಕ್ಕೆ ಪುಷ್ಟಿ ಕೊಡುವ ನಿದರ್ಶನ ತಿರುವನಂತಪುರದಲ್ಲಿಯೇ ಇದೆ. ಡಿಸೆಂಬರಿನಲ್ಲಿ ನಡೆಯುವ ಕೇರಳ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ವೇಳೆ ಸರ್ಕಾರದ ಕೈರಳಿ, ಶ್ರೀ, ನಿಳಾ ಮಂದಿರಗಳ ಮುಂದೆ ಅಪರಿಚಿತ ಭಾಷೆಗಳ ಚಿತ್ರಗಳಿಗಾಗಿ ಜನರು ಉದ್ದನೆಯ ಸಾಲಿನಲ್ಲಿ ನಿಲ್ಲುತ್ತಾರೆ. 1965ರಲ್ಲಿ ಅಡೂರ್ ಗೋಪಾಲಕೃಷ್ಣನ್ ಮತ್ತು ಸಂಗಡಿಗರು ಅಲ್ಲಿ ಸ್ಥಾಪಿಸಿದ ಚಿತ್ರಲೇಖಾ ಫಿಲ್ಮ್ ಸೊಸೈಟಿಯಿಂದ ಬೆಳೆದುಬಂದ ಅಭಿರುಚಿ ಅದು. ಅಭಿರುಚಿ ಉಳಿದಿದೆ, ಉತ್ಸವ ಉಳಿದಿದೆ. ಉತ್ಸವವಿಲ್ಲದ ದಿನಗಳೇ ಬರಿದಾಗುತ್ತಿವೆ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಿಗೆ ಈ ಪಲ್ಲಟ ಅಪರಿಚಿತವಲ್ಲ. ಕುಮಾರವ್ಯಾಸನ ಭಾರತವು ಶತಮಾನಗಳ ಕಾಲ ಜನರನ್ನು ತಲುಪಿದ್ದು ಬಹುಮಟ್ಟಿಗೆ ವಾಚನದಿಂದ. ಅಕ್ಷರ ಬಲ್ಲವರೂ ಬಾರದವರೂ ಒಂದೆಡೆ ಕುಳಿತು ಕೇಳುವ ಸಭೆ ಅದಕ್ಕಿತ್ತು. ಮುದ್ರಣವು ಬಂದ ಮೇಲೆ ಕಾವ್ಯ ಅಳಿಯಲಿಲ್ಲ. ಆದರೆ ಅದು ಒಬ್ಬನೇ ಮೌನವಾಗಿ ಓದುವ ಗ್ರಂಥವಾಯಿತು, ಗಮಕವು ವಿಶೇಷ ಕಾರ್ಯಕ್ರಮವಾಯಿತು. ಸಭೆಯು ಚದುರಿದಾಗ ನಷ್ಟವಾಗುವುದು ಕೃತಿಯಲ್ಲ, ಕೇಳುಗರ ಪರಸ್ಪರ ಸಾನ್ನಿಧ್ಯ.

ಕೇರಳದ ಸಂದರ್ಭದಲ್ಲಿ ಆ ಸಾನ್ನಿಧ್ಯಕ್ಕೆ ಇನ್ನೂ ಗುರುತರವಾದ ಅರ್ಥವಿದೆ. ಕೂಡಿಯಾಟ್ಟವು ದೇವಾಲಯದ ಕೂತ್ತಂಬಲದಿಂದ ಹೊರಗೆ ಬಂದದ್ದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ. ತಿರುವಾಂಕೂರಿನ ದೇವಾಲಯ ಪ್ರವೇಶ ಘೋಷಣೆಯ ವರ್ಷ 1936. ಅದಕ್ಕೂ ಮೊದಲೇ ತಿರುವನಂತಪುರದ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ಜೆ. ಸಿ. ಡ್ಯಾನಿಯಲ್ ಅವರ ‘ವಿಗತಕುಮಾರನ್’ ಪ್ರದರ್ಶಿತವಾಗಿತ್ತು. ತಮಿಳು ಸಿನಿಮಾವನ್ನು ಕುರಿತು ಕಾ. ಶಿವತಂಬಿ ಅವರು, ಜಾತಿಭೇದವಿಲ್ಲದೆ ಎಲ್ಲರೂ ಒಂದೇ ಸೂರಿನಡಿ ಕುಳಿತ ಮೊದಲ ಪ್ರದರ್ಶನಸ್ಥಳ ಚಿತ್ರಮಂದಿರವೆಂದು ಪ್ರತಿಪಾದಿಸಿದ್ದಾರೆ. ಈ ಮಾತನ್ನು ಕೇರಳಕ್ಕೆ ಹಾಗೆಯೇ ಅನ್ವಯಿಸಲಾಗದು. ಆ ಚಿತ್ರದಲ್ಲಿ ನಾಯರ್ ಸ್ತ್ರೀಯ ಪಾತ್ರ ವಹಿಸಿದ ದಲಿತ ನಟಿ ಪಿ. ಕೆ. ರೋಸಿ ಮೇಲ್ಜಾತಿಯವರ ಕ್ರೋಧಕ್ಕೆ ತುತ್ತಾಗಿ ಊರನ್ನೇ ಬಿಡಬೇಕಾಯಿತು. ಸಮಾನ ಸಭೆಯು ತಾನಾಗಿ ದೊರೆತದ್ದಲ್ಲ, ಕಾಲಕ್ರಮದಲ್ಲಿ ಗಳಿಸಿಕೊಂಡದ್ದು. ದರಕ್ಕೆ ತಕ್ಕಂತೆ ಬೆಂಚು, ಬಾಲ್ಕನಿಗಳ ಅಂತರವಿದ್ದರೂ ಒಂದೇ ಪರದೆಗೆ ಎಲ್ಲರೂ ಮುಖಮಾಡಿದ್ದ ಆ ಸಭೆಯನ್ನು ಇಂದು ಬೆಲೆಯೂ ಮನೆಯ ತೆರೆಯೂ ಮರಳಿ ಬೇರ್ಪಡಿಸುತ್ತಿವೆ.

ಕನ್ನಡದ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸಾಲುಮಂದಿರಗಳಲ್ಲಿ ಹಲವು ಈಗಿಲ್ಲ. ‘ಕಾಂತಾರ’ (2022) ಮಲಯಾಳಕ್ಕೂ ಡಬ್ಬಾಗಿ ಕೇರಳದಲ್ಲಿ ತೆರೆಕಂಡಿತು; ಅದು ನೈಮಿತ್ತಿಕದ ಯಶಸ್ಸು. 2025ರಲ್ಲಿ ಕರ್ನಾಟಕ ಸರ್ಕಾರವು ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ವಿಧಿಸಿತು, ಉಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿತು. ದರದ ಮಿತಿ ಅಗತ್ಯವಿರಬಹುದು. ಆದರೆ ಅದೊಂದರಿಂದಲೇ ವಾಡಿಕೆ ಮರಳಲಾರದು. ವಾಡಿಕೆಗೆ ಬೇಕಾದದ್ದು ಕಾಲ್ನಡಿಗೆಯಲ್ಲಿ ತಲುಪಬಹುದಾದ ಮಂದಿರ, ಕೈಗೆಟಕುವ ಸ್ಥಾನ, ಸಾಧಾರಣ ಚಿತ್ರಕ್ಕೂ ಒಂದೆರಡು ವಾರಗಳ ಅವಕಾಶ. ದೊಡ್ಡ ಚಿತ್ರಗಳು ತಮ್ಮ ಪ್ರೇಕ್ಷಕರನ್ನು ತಾವೇ ಕರೆತರುತ್ತವೆ. ಮಧ್ಯಮ ಪ್ರಮಾಣದ ಚಿತ್ರ ಬದುಕುವುದು ಸುಮ್ಮನೆ ಬಂದು ಕುಳಿತವನಿಂದ. ಗಳಿಕೆಯ ಲೆಕ್ಕಗಳಲ್ಲಿ ಗೋಚರಿಸದ ಆ ಪ್ರೇಕ್ಷಕನನ್ನು ಕುರಿತು ಕನ್ನಡ, ಮಲಯಾಳಗಳೆರಡರಲ್ಲಿಯೂ ತೌಲನಿಕ ಅಧ್ಯಯನ ನಡೆಯಬೇಕು. ಎರಡನೆಯ ಆಟಕ್ಕೆ ಹೋಗುತ್ತಿದ್ದ ತಲೆಮಾರಿನ ನೆನಪುಗಳನ್ನು ದಾಖಲಿಸುವುದರಿಂದ ಆ ಕೆಲಸ ಆರಂಭವಾಗಬಹುದು. ಅವರು ಇನ್ನೂ ನಮ್ಮೊಡನಿದ್ದಾರೆ.